ಬಲ ಹೆಗಲಿನ ಕಂಬಳಿ

ರಾಯಚೂರು
ಸೋಮವಾರ, ಡಿಸೆಂಬರ್ 1943

ಮಲ್ಲಟದಲ್ಲಿರುವ ಬಂಡೆಮ್ಮಗೆ, ಗಂಡ ಕನಕರಾಯ ಹೇಳಿ ಬರೆಸುವುದು,

ನಿನ್ನೆ ಕಂಡದ್ದು ಸಾಲದೆಂದು ಇವತ್ತು ಸೀಮೆಎಣ್ಣೆಯೂ ಸಿಗಲಿಲ್ಲ. ಬೆಳಿಗ್ಗೆ ಹತ್ತಿ ಗಿರಣಿಯಲ್ಲಿ ಮೇಸ್ತ್ರಿ ಬೈದ. ಮಧ್ಯಾಹ್ನದ ರೊಟ್ಟಿಯಲ್ಲಿ ಜೋಳಕ್ಕಿಂತ ಮಣ್ಣೇ ಹೆಚ್ಚು. ಆಮೇಲೆ ಅಂಗಡಿ ಮುಂದೆ ನಿಂತು ನಿಂತು ಬರಿ ಶೀಸೆ ಹಿಡಿದು ಬಂದೆ. ಏನು ಕೇಳಿದರೂ ಒಂದೇ ಉತ್ತರ, ‘ಲಡಾಯಿ ನಡದದ.’ ಈಗ ಆ ಲಡಾಯಿ ನನ್ನ ಮನೆಯೊಳಗೂ ಕಾಲಿಟ್ಟಿದೆ, ಅದಕ್ಕೇ ಈ ಪತ್ರ. ಗಿರಣಿಯ ಜೊತೆಗಾರ ಖಾಜಾಮಿಯಾ ಬೆಳಕಿರುವಾಗಲೇ ಬರೆದುಕೊಡುತ್ತಿದ್ದಾನೆ. ಅಲ್ಲಿ ನಿನಗೆ ಓದಿ ಹೇಳುವ ಮಾಸ್ತರರು ದಯವಿಟ್ಟು ನಡುವೆ ಕೆಮ್ಮಬಾರದು.

ನಿನ್ನೆ ಸಂಜೆ ಸ್ಟೇಷನ್ ಬಯಲಿಗೆ ಸರ್ಕಾರದ ಮೋಟಾರು ಬಂದು ಪುಕ್ಕಟೆ ಸಿನಿಮಾ ತೋರಿಸಿತು. ರಾಜ ರಾಣಿಯ ಕಥೆಯಲ್ಲ. ಲಡಾಯಿ ಕಾಲದಲ್ಲಿ ನಮ್ಮ ಸೀಮೆಯ ಜನ ಹೇಗೆ ಬದುಕುತ್ತಿದ್ದಾರೆಂದು ಊರೂರು ತಿರುಗಿ ತೆಗೆದದ್ದಂತೆ. ಮುಂದೆ ಕಾಲಿಡಲು ಜಾಗವಿರಲಿಲ್ಲ. ಬಿದಿರಿಗೆ ಕಟ್ಟಿದ್ದ ಬಿಳಿ ಪರದೆಯ ಹಿಂದಕ್ಕೆ ಸುತ್ತಿ ಹೋಗಿ ನಾನೂ ಖಾಜಾಮಿಯಾನೂ ಕೂತೆವು. ಅಲ್ಲಿಂದಲೂ ಚಿತ್ರ ಕಾಣುತ್ತಿತ್ತು. ಸಿರವಾರದ ಜೋಳದ ಬಂಡಿಗಳು ಹೋದವು. ಚಂದ್ರಬಂಡದಲ್ಲಿ ಮಗನನ್ನು ಫೌಜಿಗೆ ಕಳಿಸಿದ ಒಬ್ಬ ಮುದುಕಿ ಸುಮ್ಮನೆ ನಮ್ಮನ್ನೇ ನೋಡಿದಳು. ಆಮೇಲೆ ಮಾನ್ವಿ ಸಂತೆ ಬಂತು. ಸಂತೆಯಲ್ಲಿ ನೀನು.

ಎದುರಿಗೆ ಒಬ್ಬ ಸಿಪಾಯಿ. ದೇವದುರ್ಗದ ಜವಾನ ಎಂದು ಸಿನಿಮಾದ ದನಿ ಹೇಳಿತು. ನೀನು ಅವನ ಹೆಗಲಿಗೆ ಕಂಬಳಿ ಹಾಕುತ್ತಿದ್ದೆ.

ಬಂಡೆಮ್ಮ, ನಮ್ಮ ಮಂದಿಯಲ್ಲಿ ಕಂಬಳಿ ಕೊಂಡವನಿಗೆ ಎಡ ಹೆಗಲು, ಕಟ್ಟಿಕೊಂಡವನಿಗೆ ಬಲ ಹೆಗಲು. ಇದನ್ನು ನಿನಗೆ ನಾನು ಹೇಳಬೇಕೇ? ನೀನು ಅವನ ಬಲ ಹೆಗಲಿಗೆ ಹಾಕಿದೆ. ಅದೂ ಯಾವ ಕಂಬಳಿ? ತವರಿನಿಂದ ನಿನ್ನ ಹಿಂದೆ ಬಂದ ಕುರಿಯ ಬಿಳಿ ಎಳೆ ಅಂಚಿನಲ್ಲಿ ಕಾಣುತ್ತಿತ್ತು. ನಾನು ಊರು ಬಿಡುವಾಗ ನೀನು ಕದಿರು ತಿರುಗಿಸುತ್ತಾ ಏನೆಂದಿದ್ದೆ? ‘ನೀ ಕರಕೊಂಡು ಹೋಗಾಕ ಬಾ, ಇದನ್ನ ನಿನ್ನ ಹೆಗಲಿಗೆ ಹಾಕ್ತೀನಿ.’

ಅವನಿಗೆ ಹಾಕಿದ ಮೇಲೆ ನೀನು ನಕ್ಕೆ. ಹಲ್ಲು ಕಾಣುವ ಹಾಗೆ. ಮದುವೆಯ ದಿನವೂ ನೀನು ಹಾಗೆ ನಕ್ಕಿದ್ದು ನಾನು ಕಾಣೆ. ಅವನ ಮೀಸೆ ದಪ್ಪವಾಗಿತ್ತು, ಅದು ನಿಜ. ಪಕ್ಕದಲ್ಲಿ ಖಾಜಾಮಿಯಾ ಪಿಸುಗುಟ್ಟಿದ, ‘ಲೇ ಕನಕ್ಯಾ, ಮುಂದಿನ ಪಿಚ್ಚರ್ ನೋಡಲೇ, ಹಲ್ಲು ಕಡೀಬ್ಯಾಡ.’ ಮುಂದಿನದು ಏನು ಬಂತೋ ನನಗೆ ಗೊತ್ತಿಲ್ಲ.

ಗಿರಣಿಯ ಹಿಂದೆ ನಮ್ಮಿಬ್ಬರಿಗೆಂದು ಒಂದು ಖೋಲಿ ನೋಡಿಟ್ಟಿದ್ದೆ. ನಾಳೆ ಬೇಡವೆಂದು ಹೇಳಿಬಿಡುತ್ತೇನೆ. ಸಂಕ್ರಾಂತಿಗೆ ನಿನ್ನನ್ನು ಕರೆತರಲು ಬರುವುದಿಲ್ಲ. ನೀನು ಅಲ್ಲೇ ಸುಖವಾಗಿರು. ನಾನು ಗೋಣಿಚೀಲ ಹೊದ್ದು ಮಲಗುತ್ತೇನೆ. ಇಲ್ಲಿ ಚಳಿ ಏನೂ ಇಲ್ಲ.

ನಿನ್ನವ ಎಂದು ಬರೆಸಲು ನಾಲಿಗೆ ಏಳುತ್ತಿಲ್ಲ.
ಕನಕರಾಯ

ತಾ.ಕ.: ಇಷ್ಟು ಬರೆದು ಖಾಜಾಮಿಯಾ ಲೇಖಣಿ ಕೆಳಗಿಟ್ಟ. ‘ಹುಚ್ಚ ಅದೀಯೇನಲೇ? ನಾವು ಪರದೆ ಹಿಂದ ಕುಂತಿದ್ವಿ. ಆ ಸಿಪಾಯಿ ಎಡಗೈಲೆ ಸಲಾಮು ಹೊಡದ. ಯಾವ ಫೌಜಿನಾಗ ಹಂಗ ಹೊಡೀತಾರ? ಹಿಂದಿನಿಂದ ಎಲ್ಲಾ ತಿರುಗಾಮುರುಗಾ ಕಾಣ್ತದ.’

ಹಾಗಾದರೆ ಅದು ಎಡ ಹೆಗಲು. ನೀನು ಮಾರಿದ್ದು. ನನ್ನ ಕಂಬಳಿಯನ್ನೇ ಯಾಕೆ ಮಾರಿದಳು ಎಂದೆ. ಅವನೆಂದ, ‘ನೀ ಹೆಗಲು ನೋಡಿದಿ. ಭಾಬಿ ಕಾಲ ಬುಡಕ ಜೋಳದ ಚೀಲ ಇತ್ತು. ಆಕಿ ನಕ್ಕಿದ್ದು ಅದನ್ನ ನೋಡಿ.’

ಮನೆಯಲ್ಲಿ ಕಾಳು ತೀರಿದ್ದನ್ನು ನೀನು ಹೇಳಿ ಕಳಿಸಲಿಲ್ಲ. ನಾನೂ ಕೇಳಿ ಕಳಿಸಲಿಲ್ಲ. ಈಗ ಬೇರೆ ಕಾಗದ ಸಿಗುವುದಿಲ್ಲ, ಮೇಲಿನದು ಹಾಗೇ ಇರಲಿ. ಖೋಲಿ ಬಿಡುವುದಿಲ್ಲ. ಆದರೂ ಅಷ್ಟು ನಗುವುದು ಬೇಕಿರಲಿಲ್ಲ.

ಬರುವ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಸಿರವಾರದಲ್ಲಿ ಮೋಟಾರು ನಿಲ್ಲುವ ಬೇವಿನ ಮರದ ಕೆಳಗೆ ಬಾ. ಬರಿ ಹೆಗಲಲ್ಲಿ ನಿಂತಿರುತ್ತೇನೆ.