ತನಾಕಾನ ಅಜ್ಜಿಯ ಈಟಿ

ಲಾರೆನ್ಸ್‌ವಿಲ್, ಮೇ ೨೦೧೪

ಮೌನೇಶ ಕಾಕಾ, ಶರಣು.

ಮಗಳ ನೆರೆಮನೆಯ ಜಪಾನಿ ಮುದುಕ ತನಾಕಾ ತನ್ನ ಅಜ್ಜಿಯ ಈಟಿ ತೋರಿಸಿದ. ಹಳೆಯ ಫೋಟೋದಲ್ಲಿ ಅದು ಅಜ್ಜಿಗಿಂತ ಎತ್ತರ, ಈಗ ಕೈಯಲ್ಲಿರುವುದು ಎದೆಮಟ್ಟ. ಇದು ಅಜ್ಜಿಯದಲ್ಲವೆಂದು ಆತ ಕೊರಗುತ್ತಿದ್ದ. ಗುದ್ದಲಿಯ ಕಾವನ್ನು ಕೊಯ್ದು ಗಿಡ್ಡ ಮಾಡಿದ್ದೋ ಎಂದು ತಿಳಿಯಲು ಬುಡ ನೋಡಬೇಕೆಂದು ನೀವು ಕಲಿಸಿದ್ದಿರಲ್ಲ, ಹಾಗೇ ಈಟಿಯ ಬುಡದ ಕಬ್ಬಿಣದ ಟೊಪ್ಪಿಗೆ ಕಳಚಿದೆ.

“ಅಪ್ಪಾ, ಅದು ಗುದ್ದಲಿ ಅಲ್ಲ,” ಎಂದು ಮಗಳು ನೀಲಗಂಗಾ ಗದರಿದಳು.

ಒಳಗೆ ಗರಗಸದ ಗೀರು. ಫೋಟೋದಲ್ಲಿ ಕಾವಿನ ಮೇಲಿದ್ದ ಅದೇ ಅರಗಿನ ಹೂಬಳ್ಳಿ ಇಲ್ಲಿ ಅರ್ಧಕ್ಕೇ ತುಂಡಾಗಿತ್ತು.

“ಇದು ಅವರಜ್ಜೀದೇ ಐತಿ, ಕಾವಷ್ಟ ಕೊಯ್ದಾರ ಅಂತ ಹೇಳವ್ವಾ,” ಎಂದೆ.

ತನಾಕಾ ಈಟಿಯನ್ನು ಎದೆಗೊತ್ತಿಕೊಂಡು ನನಗೆ ಮೂರು ಸಲ ಬಾಗಿ ನಮಸ್ಕರಿಸಿದ.

ನನ್ನ ಮೊಣಕಾಲು ನೋವು ಇಳಿದಿದೆ. ಕಾರ್ಡು ತುಂಬಿತು. ಒಂದು ನಮಸ್ಕಾರ ನಾನಿಟ್ಟುಕೊಂಡೆ, ಉಳಿದೆರಡು ನಿಮ್ಮವು.

ಗುರುಸಿದ್ದಪ್ಪ