ಮುರಿದ ರಾಟೆಯ ನೆಪ

ಮೊಳಕಾಲ್ಮೂರು
26-12-2000

ಪ್ರೀತಿಯ ವೀರಕ್ಕನಿಗೆ,

ಜೀವರತ್ನ ಬರೆಯುತ್ತಿದ್ದೇನೆ. ನಮ್ಮವರಂತೆ ವಂದನೆ ಹೇಳಲೋ, ನಿಮ್ಮವರಂತೆ ನಮಸ್ಕಾರ ಹೇಳಲೋ ತಿಳಿಯದೆ, ಬರೀ ಚೆನ್ನಾಗಿದ್ದೀಯಾ ಎಂದು ಕೇಳುತ್ತೇನೆ. ಈ ಕಾಗದ ಒಂದು ವರ್ಷ ತಡವಾಯಿತು. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ಸಲ ಬರೆದೆ. ಮೂರರಲ್ಲೂ ನನ್ನ ತಪ್ಪಿಗಿಂತ ನನ್ನ ಸಮರ್ಥನೆಯೇ ಜಾಸ್ತಿ ಇತ್ತು. ಹರಿದು ಹಾಕಿದೆ. ನನ್ನ ಅಕ್ಷರ ಗೊತ್ತಲ್ಲ, ನಿಧಾನವಾಗಿ ಓದು.

ನಾನೀಗ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸುತ್ತೇನೆ. ಹನ್ನೊಂದು ತಿಂಗಳಾಯಿತು. ನಗಬೇಡ. ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು, ಹೊಲಿಗೆ ಬಿಟ್ಟವಳು, ಅಂಗಡಿ ಕೆಲಸ ಬಿಟ್ಟವಳು, ಒಂದೇ ಕಡೆ ಹನ್ನೊಂದು ತಿಂಗಳು ಕೂತಿದ್ದೇನೆ. ಎದ್ದು ಹೋಗಿಬಿಡೋಣ ಅನ್ನಿಸಿದಾಗಲೆಲ್ಲ ನೀನು ಹೇಳುತ್ತಿದ್ದದ್ದು ನೆನಪಾಗುತ್ತದೆ. "ಎಳೆ ಹರಿದ್ರೆ ಗಂಟು ಹಾಕ್ಬೇಕು ಕಣೇ. ಮಗ್ಗ ಬಿಟ್ಟು ಎದ್ದೋಗ್ತಾರಾ?" ದೇವರ ವಾಕ್ಯ ಓದಿ ಹೇಳಿ ನಿನಗೆ ನಾನು ಧೈರ್ಯ ತುಂಬುತ್ತಿದ್ದೇನೆ ಅಂದುಕೊಂಡಿದ್ದೆ. ಈಗ ನೋಡಿದರೆ ಧೈರ್ಯ ಪಡೆದವಳು ನಾನೇ.

ಕ್ರಿಸ್ಮಸ್ಸಿಗೆ ಊರಿಗೆ ಬಂದೆ. ಮೊನ್ನೆ ಸಂಜೆ ಪ್ರಾರ್ಥನೆ ಎಂದಿನಂತೆ ನಮ್ಮ ಮನೆಯಲ್ಲೇ ಆಯಿತು. ಅವ್ವ ಬಾಗಿಲಿಗೆ ನಕ್ಷತ್ರ ಕಟ್ಟಿದ್ದಳು, ಕರ್ಜಿಕಾಯಿ ಮಾಡಿದ್ದಳು. ಮೈಕ್ ಮಾತ್ರ ಬೇಡ ಎಂದಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಜಗಲಿಯ ರಾಟೆ ಸುಮ್ಮನೆ ಕೂತಿತ್ತು. ಎರಡು ವರ್ಷ ಪ್ರತಿ ಭಾನುವಾರ ಸಂಜೆ ನೀನು ಅಲ್ಲಿ ಕೂತು ಮಗ್ಗದ ಕಂಡಿಕೆಗೆ ರೇಷ್ಮೆ ನೂಲು ಸುತ್ತುತ್ತಿದ್ದೆ. ಯಾರಾದರೂ ಕೇಳಿದರೆ "ನಮ್ಮನೆ ರಾಟೆ ಮುರಿದೈತೆ" ಎನ್ನುತ್ತಿದ್ದೆ. ಒಳಗೆ ಪ್ರಾರ್ಥನೆ ಶುರುವಾದರೆ ಹೊರಗೆ ರಾಟೆಯ ಸದ್ದು ನಿಲ್ಲುತ್ತಿತ್ತು. ಆಮೆನ್ ಆದಮೇಲೆ ಮತ್ತೆ ತಿರುಗುತ್ತಿತ್ತು.

ಹೋದ ವರ್ಷ ಇದೇ ಕೂಟದಲ್ಲಿ ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಸರದಿ ನನಗೆ ಬಂದಾಗ ಮೈಕಿನಲ್ಲಿ ಅಂದೆ: "ನೇಕಾರರ ಬೀದಿಯ ನಮ್ಮ ವೀರಕ್ಕ ಗುಟ್ಟಾಗಿ ನಮ್ಮ ದೇವರನ್ನು ನಂಬಿದ್ದಾಳೆ. ಅವಳು ಹೆದರದೆ ಒಳಗೆ ಬಂದು ಕೂರುವಂತೆ ಪ್ರಾರ್ಥನೆ ಮಾಡಿ." ಮೈಕ್ ಸೆಟ್ಟಿನ ಅಫ್ಸರಣ್ಣ ತಟ್ಟನೆ ಗುಂಡಿ ತಿರುಗಿಸಿ ಸದ್ದು ಇಳಿಸಿದ. ಅವನಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ನಿನ್ನ ಹೆಸರು ಬೀದಿಯ ಕೊನೆಯವರೆಗೂ ಹೋಗಿತ್ತು. ನೀನು ಕಂಡಿಕೆಯ ಬುಟ್ಟಿ ಎತ್ತಿಕೊಂಡು ಎದ್ದೆ. ಮಾರನೆಯ ದಿನ ನಿಮ್ಮ ನೆಂಟರು ಸೇರಿದರು. ನಿನ್ನ ಗಂಡ ಬೋರಣ್ಣ ತಲೆ ತಗ್ಗಿಸಿ ಕೂತಿದ್ದನಂತೆ. ಮೂರನೆಯ ದಿನ ನಿನ್ನನ್ನು ಕೊಂಡ್ಲಹಳ್ಳಿಗೆ, ತವರಿಗೆ, ಕಳಿಸಿದರು.

ನಾನು ಅವ್ವನ ಜೊತೆ ಜಗಳಕ್ಕೆ ನಿಂತೆ. "ನಾನೇನು ಸುಳ್ಳು ಹೇಳಿದ್ನಾ?"

"ಸುಳ್ಳಲ್ಲ ಕಣೇ, ನಿಜಾನೇ," ಅಂದಳು ಅವ್ವ. "ಆದ್ರೆ ಅದು ಅವಳ ನಿಜ. ಹೇಳಾಕೆ ನೀನ್ಯಾರು?"

ಇನ್ನು ನಿನ್ನೆಯ ಸುದ್ದಿ. ಮಧ್ಯಾಹ್ನ ನಮ್ಮ ಹಿತ್ತಲ ಬಾಗಿಲಲ್ಲಿ ನಿಮ್ಮತ್ತೆ ಹುಚ್ಚಕ್ಕ ನಿಂತಿದ್ದಳು. ಅವ್ವ ಕಳಿಸಿದ್ದ ಕರ್ಜಿಕಾಯಿಯ ತಟ್ಟೆ ವಾಪಸ್ ಕೊಡುವ ನೆಪ. ಬರೀ ತಟ್ಟೆ ಅಲ್ಲ, ಒಂದು ಹಿಡಿ ಸಕ್ಕರೆ ಹಾಕಿ ತಂದಿದ್ದಳು. ಆದರೂ ನಾನು ಬೈಸಿಕೊಳ್ಳಲು ತಯಾರಾಗಿ ನಿಂತೆ.

"ಏನೇ ಮೈಕಮ್ಮ," ಅಂದಳು. "ಎರಡು ವರ್ಷ ಮುರಿದೇ ಇರೋ ರಾಟೆ ಯಾವೂರಾಗೈತೆ? ನಾನೇನು ಕುರುಡೀನಾ? ನಿಮ್ಮನೆಯಿಂದ ಬಂದ ದಿನ ಅವಳು ನಗ್ತಾ ರೊಟ್ಟಿ ಬಡೀತಿದ್ಲು. ನಂಗೆ ಅಷ್ಟು ಸಾಕಾಗಿತ್ತು. ನೋಡಿದ್ರೂ ನೋಡ್ದಂಗಿದ್ದೆ. ನೀನು ಊರಿಗೆಲ್ಲ ಕೂಗಿದ್ಮೇಲೆ ಹೆಂಗಮ್ಮ ನೋಡ್ದಂಗಿರ್ಲಿ?"

ನಾನು ತಟ್ಟೆ ತೆಗೆದುಕೊಂಡೆ. ಅವಳು ಹೋಗಲಿಲ್ಲ.

"ನಾಳಿದ್ದು ಕೊಂಡ್ಲಹಳ್ಳಿಗೆ ಹೋಗಿ ಕರ್ಕೊಂಡು ಬರ್ತೀನಿ. ನೆಂಟರು ಏನಾರ ಅನ್ಲಿ, ಒಂದು ವರ್ಷ ಸಾಕು. ನಿಂದೇನಾರ ಹೇಳೋದಿದ್ರೆ ಬರ್ದುಕೊಡು. ನಂಗೆ ಓದಾಕೆ ಬರಲ್ಲ, ಅದಕ್ಕೇ ನನ್ ಹತ್ರ ಭದ್ರವಾಗಿರ್ತೈತೆ." ನಾಲ್ಕು ಹೆಜ್ಜೆ ಹೋದವಳು ತಿರುಗಿ, "ರಾಟೆ ಇನ್ನೂ ರಿಪೇರಿ ಮಾಡ್ಸಿಲ್ಲ ಅಂತಾನೂ ಬರಿ" ಅಂದಳು.

ಬರೆದಿದ್ದೇನೆ ಅಕ್ಕ. ಮುಂದಿನದು ನಿನಗೆ ಬಿಟ್ಟದ್ದು. ನಮ್ಮ ಜಗಲಿಗೆ ಬಂದರೂ ಸರಿ, ನಿಮ್ಮ ಒಲೆಯ ಮುಂದೆ ಕೂತು ಕಣ್ಣು ಮುಚ್ಚಿದರೂ ಸರಿ, ಎಲ್ಲ ಬಿಟ್ಟೆ ಎಂದರೂ ಸರಿ. ನಾಳೆ ಬೆಳಿಗ್ಗೆಯ ಬಸ್ಸಿಗೆ ನಾನು ಚಳ್ಳಕೆರೆಗೆ ಹೋಗುತ್ತೇನೆ. ನನ್ನ ಮುಖ ನೋಡಬೇಕಾದೀತು ಎಂದು ನೀನು ಹಿಂದೆಗೆಯಬೇಡ. ಮೊನ್ನೆಯ ಕೂಟದಲ್ಲಿ ನಾನೂ ಎದ್ದು ನಿಂತೆ. "ಒಬ್ಬರಿಗಾಗಿ ಪ್ರಾರ್ಥನೆ ಮಾಡಿ" ಅಂದು ಕೂತುಬಿಟ್ಟೆ. ಹೆಸರು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ.

ದೇವರು ನಿನ್ನನ್ನೂ ಬೋರಣ್ಣನನ್ನೂ ಆ ಮುದುಕಿಯನ್ನೂ ತಣ್ಣಗಿಟ್ಟಿರಲಿ. ಓದಿದ ಮೇಲೆ ಇದನ್ನು ಒಲೆಗೆ ಹಾಕು.

ನಿನ್ನ ತಂಗಿಯಂಥ
ಜೀವರತ್ನ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ನಿನ್ನ ಮೇಲಿನ ಪ್ರೀತಿಯಿಂದ ನಿನ್ನ ಹೆಸರು ಹೇಳಿದೆ ಎಂದು ನೀನು ಅಂದುಕೊಂಡಿರಬಹುದು. ಅಷ್ಟೇ ಅಲ್ಲ. ಅಂದು ನನಗಿಂತ ಮೊದಲು ರಾಂಪುರದಿಂದ ಬಂದಿದ್ದ ಹೆಂಗಸು, ತನ್ನಿಂದ ಏಳು ಜನ ನಂಬಿದರು ಎಂದು ಸಾಕ್ಷಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಹತ್ತಿರ ತೋರಿಸಲು ಏನಿತ್ತು? ಪಾಸಾದ ಕ್ಲಾಸಿಲ್ಲ, ನೆಟ್ಟಗೆ ಮಾಡಿದ ಕೆಲಸವಿಲ್ಲ. ನೀನೊಬ್ಬಳಿದ್ದೆ. ಮೈಕ್ ಕೈಗೆ ಬಂದಾಗ ಜಗಲಿಯ ಕಡೆ ನೋಡಿದೆ. ನೀನು ಬೇಡ ಎಂದು ತಲೆ ಅಲ್ಲಾಡಿಸಿದೆ. ನನಗೆ ಕಾಣಲಿಲ್ಲ ಎಂದು ಅವ್ವನಿಗೆ ಹೇಳಿದ್ದೇನೆ. ಈ ವಿಷಯದಲ್ಲಿ ನಾನು ಹೇಳಿದ ಒಂದೇ ಸುಳ್ಳು ಅದು, ವೀರಕ್ಕ. ಕಂಡಿತ್ತು.