‘ಎರಡು ಕಡಲು’ ಮಾಡಲಿರುವವರಿಗೆ

ಕಡಲೇರಿದ ತೊಂಬತ್ತನೆಯ ವರ್ಷ, ಎರಡನೆಯ ಆಷಾಢ
ತೇಲುಗೇರಿ, ಅಂಕೋಲೆಯ ಬಳಿ

ಮಾನ್ಯ ನಿರುಪಮಾ ತೋನ್ಸೆ ಅವರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗದು. ಸಮುದ್ರ ಪೇಟೆಯೊಳಗೆ ಬಂದು ಹಿಂತಿರುಗದೆ ನಿಂತ ವರ್ಷದಿಂದ ನಾವು ಎಣಿಸುತ್ತೇವೆ. ಮಳೆ ಯಾವಾಗ ಬರುವುದೋ ತಿಳಿಯದ್ದರಿಂದ ಆಷಾಢವನ್ನು ಎರಡು ಸಲ ಇಟ್ಟುಕೊಂಡಿದ್ದೇವೆ. ನಿಮಗೆ ಒಗ್ಗದ ಮಾತುಗಳು ಇಲ್ಲಿ ಬಂದರೆ ಕ್ಷಮಿಸಿ. ಈ ಪತ್ರವನ್ನು ಹಿನ್ನಂಚೆಗೆ, ಅಂದರೆ ಹಿಂದಿನ ಕಾಲಕ್ಕೆ ಹೋಗುತ್ತದೆಂದು ಹೇಳಲಾಗುವ ಅಂಚೆಗೆ ಹಾಕುತ್ತಿದ್ದೇನೆ. ಅದರಲ್ಲಿ ಉತ್ತರ ಪಡೆದವರನ್ನು ನಾನು ಕಂಡಿಲ್ಲ. ನಂಬಿ ಬರೆಯುತ್ತಿಲ್ಲ, ಬೇರೆ ದಾರಿ ಇಲ್ಲದೆ ಬರೆಯುತ್ತಿದ್ದೇನೆ.

ನನ್ನ ಹೆಸರು ಬಸ್ತ್ಯಾಂವ್ ಸಿದ್ದಿ. ನೀವು ಮಾಡಲಿರುವ ‘ಎರಡು ಕಡಲು’ ಎಂಬ ಕಲಾಕೃತಿಗೆ ಮೊದಲ ಕೊಡ ನೀರು ಸುರಿಯುವ ಕ್ಲಾರಾಳ ವಂಶದವನು. ಕೃತಿ ಸದ್ಯ ನಿಮ್ಮ ಕಾಗದದ ಮೇಲಿದೆ ಎಂದು ಭಾವಿಸುತ್ತೇನೆ. ಮುಂದೆ ಅದು ಏನಾಯಿತೆಂದು ತಿಳಿಸುತ್ತೇನೆ.

ದಂಡೆಯ ಹಳೆಯ ಉಗ್ರಾಣವೊಂದರಲ್ಲಿ ಹಡಗಿನ ತಳದ ಆಕಾರದ ಉಪ್ಪಿನಾಗರ ಕಟ್ಟಿಸಿದಿರಿ. ಆಫ್ರಿಕಾದ ಪಶ್ಚಿಮ ದಡದಿಂದ ಒಂದು ಬಾಟಲಿ ಅಟ್ಲಾಂಟಿಕ್ ನೀರು ತಂದು ನಮ್ಮ ಕಡಲಿನ ನೀರಿಗೆ ಬೆರೆಸಿದಿರಿ. ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟವರ ನೋವು, ಗೋವೆಯಲ್ಲಿ ಇಳಿಸಲ್ಪಟ್ಟವರ ನೋವು ಒಂದೇ ಉಪ್ಪಾಗಿ ಉಳಿಯಲಿ ಎಂದಿರಿ. ಎರಡು ಕಡಲು ಒಂದು ಬಾಟಲಿಯಿಂದ ಸೇರುತ್ತವೆಯೇ ಎಂಬ ಅನುಮಾನ ನನಗಿದೆ, ಅದಿರಲಿ. ನಮ್ಮ ಹಿರಿಯರು ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಯಲ್ಲಾಪುರದ ಕಾಡು ಸೇರಿದವರು. ಅವರ ಮಕ್ಕಳನ್ನು ನೀವು ಹಾರ ಹಾಕಿ, ಗೌರವದಿಂದ, ಮತ್ತೆ ಕಡಲಿಗೆ ಇಳಿಸಿದಿರಿ. ಆ ದಿನದ ಚಿತ್ರವೊಂದು ಉಳಿದಿದೆ. ನಿಮ್ಮ ಕೈ ಕ್ಲಾರಾಳ ಹೆಗಲ ಮೇಲಿದೆ. ಕೊಡ ಅವಳ ಕೈಯಲ್ಲಿದೆ.

ಕೃತಿಯ ವಿವರಣೆಯ ಕೊನೆಯಲ್ಲಿ ನೀವು ಬರೆದ ವಾಕ್ಯ ಈಗ, ಕಡಲೇರಿದ ಮೇಲೆ ಎತ್ತರಕ್ಕೆ ಸಾಗಿಸಿದ ಉಗ್ರಾಣದ ಬಾಗಿಲ ಮೇಲೆ ಕೆತ್ತಿದೆ: ‘ಹಡಗಿನಲ್ಲಿ ತರಲ್ಪಟ್ಟವರ ಸಂತತಿಯೇ ನೀರು ಸುರಿಯಲಿ, ಸುರಿಯುವುದು ನಿಲ್ಲದಿರಲಿ.’ ನಿಮಗೆ ಅದು ಹಾರೈಕೆಯಾಗಿ ಕಂಡಿರಬೇಕು. ಇಲ್ಲಿ ಅದು ಕಾಯಿದೆ. ಅದನ್ನು ಕಾಯಲು ನೆನಪುಪಾಲಕರೆಂಬ ಅಧಿಕಾರಿಗಳಿದ್ದಾರೆ.

ನಮ್ಮ ದಿನಗಳು ಹೀಗೆ ಸಾಗುತ್ತವೆ. ಮನೆಗಳು ಪೀಪಾಯಿಗಳ ಮೇಲೆ ತೇಲುತ್ತವೆ. ಛಾವಣಿಯ ಮೇಲೆ ಹರಡಿದ ಬಲೆಬಟ್ಟೆ ಗಾಳಿಯ ತೇವ ಹಿಡಿಯುತ್ತದೆ, ಅದನ್ನು ಹಿಂಡಿ ಕುಡಿಯುತ್ತೇವೆ. ಬೆಳಗಾದರೆ ನನ್ನ ಅಕ್ಕ ಇಸಬೆಲ್ ಕಡಲ ನೀರು ಹೊತ್ತು ಆಗರಕ್ಕೆ ಸುರಿಯುತ್ತಾಳೆ. ದೂರದೂರುಗಳಿಂದ ಬಂದವರು ನೋಡಿ ಅಳುತ್ತಾರೆ, ಹಗುರಾಗಿ ಮನೆಗೆ ಹೋಗುತ್ತಾರೆ. ಅವರಿಗೆ ಕೃತಿಯ ಅರ್ಥ ಹೇಳುವ ಕೆಲಸ ನನ್ನದು. ಅವರ ಕಣ್ಣೀರನ್ನು ನಾನು ನಂಬುವುದಿಲ್ಲ. ನನ್ನ ದನಿ ಸರಿಯಾದ ಜಾಗದಲ್ಲಿ ನಡುಗುವುದನ್ನೂ ಈಚೆಗೆ ನಂಬುತ್ತಿಲ್ಲ.

ಈ ವರ್ಷ ಅಕ್ಕನ ಹೆಗಲು ಸೋತಿತು. ವಂಶದಲ್ಲಿ ಉಳಿದ ಹೆಣ್ಣು ಅವಳ ಮಗಳು ನತಾಲಿ. ಗಂಡಸರು ಸುರಿಯುವ ಹಾಗಿಲ್ಲ. ಮೊದಲು ಸುರಿದವಳು ಹೆಣ್ಣೆಂಬ ಕಾರಣಕ್ಕೆ ಪಾಲಕರು ಆ ನಿಯಮವನ್ನೂ ಸೇರಿಸಿದರು. ನತಾಲಿಗೆ ಪಾಚಿಹೊಲದ ಹಡಗಿನಲ್ಲಿ ಕೆಲಸ ಸಿಕ್ಕಿದೆ. ನಡುಗಡಲಿನಲ್ಲಿ ಪಾಚಿ ಬೆಳೆದು ದಡಕ್ಕೆ ಆಹಾರ ಕಳಿಸುವ ಹಡಗದು. ಮುಂದಿನ ಹುಣ್ಣಿಮೆಗೆ ಹೊರಡುತ್ತದೆ.

ಹಿರಿಯ ಪಾಲಕ ಗಾಂವ್ಕರರು ಬುದ್ಧಿ ಹೇಳಲು ಮನೆಗೆ ಬಂದರು. ಅಕ್ಕ ಬಂಗಡೆ ಸಾರು ಬಡಿಸಿದಳು. ಚೆನ್ನಾಗಿದೆ ಎಂದು ಎರಡನೆಯ ಸಲ ಹಾಕಿಸಿಕೊಂಡರು. ಆಗ ಅಕ್ಕ, ಅದಕ್ಕೆ ಹಾಕಿದ್ದು ಆಗರದ ಉಪ್ಪು ಎಂದಳು. ಕೃತಿಯ ಉಪ್ಪನ್ನು ಯಾರೂ ಮುಟ್ಟುವಂತಿಲ್ಲ. “ಉಂಡ್ರಲ್ಲ ಗಾಂವ್ಕರರೇ, ಈಗ ನೀವೂ ನಮ್ಮ ಸಂತತಿ. ನಾಳೆಯಿಂದ ಕೊಡ ಹಿಡೀರಿ.”

ಅವರು ನಗಲಿಲ್ಲ. ಕೈ ತೊಳೆದು ನನ್ನ ಕಡೆ ತಿರುಗಿದರು. “ನಿನ್ನ ಅಕ್ಕನ ಮಗಳಿಗೆ ಹಡಗು ಯಾಕೋ ಬಸ್ತ್ಯಾಂವ್? ಹಡಗಿನಿಂದ ಇಳಿದವರ ಮಗಳು ಮತ್ತೆ ಹಡಗು ಹತ್ತೂದು ಕೃತಿಯ ಆಶಯಕ್ಕೇ ವಿರುದ್ಧ ಅಲ್ವನಾ?”

ನಾನು ಬಾಯಿ ತೆರೆಯುವ ಮೊದಲೇ ನತಾಲಿ ಎದ್ದು ನಿಂತಳು. “ಯಾವ ಕಾಲದ್ದೋ ಅಜ್ಜೀನ ಕಟ್ಟಿ ತಂದ್ರು ಅಂತ ಅಳ್ತ್ರಿ. ನನ್ನ ಕಟ್ಟಿ ಹಾಕ್ತ್ರಿ. ಎಂತ ನಾಟ್ಕ ಇದು?”

“ನಾನೆಂತ ಮಾಡ್ಲಿ ಮಗಾ? ಬಾಗಿಲ ಮೇಲೆ ಬರ್ದದೆ. ಬರ್ದವ್ರೇ ಬಂದು ಬೇರೆ ಹೇಳ್ಲಿ, ನಾಳೇನೇ ಬಿಡ್ತೆ,” ಎಂದು ಅವರು ದೋಣಿ ಹತ್ತಿದರು. ತಮಾಷೆ ಮಾಡಿದೆನೆಂದು ಅವರು ತಿಳಿದಿರಬೇಕು. ನನಗೆ ಅದೊಂದೇ ಬಾಗಿಲು ಕಂಡಿತು.

ಕೃತಿ ಮಾಡಬೇಡಿ ಎಂದು ಕೇಳುತ್ತಿಲ್ಲ. ನೀವು ನೆನೆಯದಿದ್ದರೆ ನಮ್ಮನ್ನು ಯಾರೂ ನೆನೆಯುತ್ತಿರಲಿಲ್ಲವೇನೋ. ಆ ಮಾತನ್ನು ಪಾಲಕರೂ ಆಡುವುದರಿಂದ ಅದರ ಬಗ್ಗೆಯೂ ನನಗೆ ಅನುಮಾನ. ಕೇಳುವುದು ಇಷ್ಟೇ: ಆ ವಾಕ್ಯದ ಕೆಳಗೆ ಇನ್ನೊಂದನ್ನು ಬರೆಯಿರಿ. ‘ಸುರಿಯುವವರು ಬೇಡವೆಂದ ದಿನ ಕೃತಿ ಮುಗಿಯಿತು.’ ನಿಮ್ಮ ಕೈಬರಹದಲ್ಲಿ, ಕೆಳಗೆ ಸಹಿ ಮಾಡಿ. ಆಗರ ಒಣಗಿದರೆ ಒಣಗಲಿ.

ಕೊನೆಯ ಅನುಮಾನವೊಂದನ್ನು ಮುಚ್ಚಿಡಲಾರೆ. ನೀವು ಕಲಾವಿದೆ. ಈ ಪತ್ರ ಓದಿ ನಿಮ್ಮ ಮನಸ್ಸು ಕಲಕಬಹುದು. ಕಲಕಿದ ಮನಸ್ಸು ಗೋಡೆ ಹುಡುಕುತ್ತದೆ. ಇದನ್ನು ಗಾಜಿನೊಳಗಿಟ್ಟು, ಕೆಳಗೆ ದೀಪವಿಟ್ಟು, ಪ್ರದರ್ಶನಕ್ಕೆ ತೂಗುಹಾಕಬೇಡಿ. ಹಾಗೆ ಮಾಡಿದರೆ ಇದನ್ನು ಒರೆಸಲು, ಕಾಯಲು, ಅರ್ಥ ಹೇಳಲು ಮುಂದೆ ನಮ್ಮವರನ್ನೇ ಹುಡುಕಿಕೊಂಡು ಬರುತ್ತಾರೆ. ಆ ಒಂದು ಸಾಲು ಬರೆಯಿರಿ, ಆಮೇಲೆ ಇದನ್ನು ಹರಿದುಹಾಕಿ.

ಇಂತು,
ಬಸ್ತ್ಯಾಂವ್ ಸಿದ್ದಿ